ಸ್ತನ ಕ್ಯಾನ್ಸರ್: ಸೆರಗಿನ ಮರೆಯ ತಪ್ಪು ಕಲ್ಪನೆಗಳು

ಎದೆಯಲ್ಲಿ ಗಂಟು ಕೈಗೆ ಸಿಕ್ಕರೂ ಬಾಯಿ ಬಿಡದ ಹೆಂಗಸರು ಹಿರಿಯೂರು ಸೀಮೆಯ ಯಲ್ಲದಕೆರೆಯಂಥ ಊರುಗಳಲ್ಲಿ ಇಂದಿಗೂ ಇದ್ದಾರೆ. ಶುರುವಿನಲ್ಲಿ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ, ಹಾಗಾಗಿ ಮುಚ್ಚಿಡುವುದು ಸುಲಭ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ. ಅಲ್ಲಿಗೆ ಹೋಗದಂತೆ ಕಾಲು ಹಿಡಿದೆಳೆಯುವುದು ದೂರ, ದುಡ್ಡು ಮಾತ್ರವಲ್ಲ, ‘ಕುಯ್ದು ತೆಗೀತಾರೆ’ ಎಂಬ ಅಂಜಿಕೆಯೂ ಹೌದು.

ನಂಬಿಕೆ: ಇಡೀ ಸ್ತನ ತೆಗೆದರೆ ಮಾತ್ರ ಜೀವ ಉಳಿಯುತ್ತದೆ.

ಸತ್ಯ: ಗಂಟು ಚಿಕ್ಕದಿರುವಾಗಲೇ ಬಂದರೆ ಅದನ್ನಷ್ಟೇ ತೆಗೆದು, ನಮ್ಮ ಜನ ‘ಕರೆಂಟ್’ ಎನ್ನುವ ವಿಕಿರಣ ಚಿಕಿತ್ಸೆ ಕೊಟ್ಟು ಸ್ತನ ಉಳಿಸಲು ಅನೇಕರಲ್ಲಿ ಸಾಧ್ಯ. ಅಮೆರಿಕ ಮತ್ತು ಇಟಲಿಯಲ್ಲಿ 20 ವರ್ಷ ನಡೆದ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ 2002ರಲ್ಲಿ ಬಂತು: ಸ್ತನ ಉಳಿಸಿಕೊಂಡವರೂ ತೆಗೆಸಿಕೊಂಡವರೂ ಬದುಕಿದ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಸ್ತನ ಉಳಿಸುವ ಚಿಕಿತ್ಸೆ ಎಲ್ಲರಿಗೂ ಹೊಂದದು, ನಿಜ. ಆದರೆ ಸ್ತನ ಹೋದೀತೆಂದು ತಡಮಾಡಿದಷ್ಟೂ ಅದನ್ನು ಉಳಿಸುವ ದಾರಿ ಮುಚ್ಚುತ್ತ ಹೋಗುತ್ತದೆ.

ನಂಬಿಕೆ: ಜೀವ ಉಳಿದಿದೆ, ಇನ್ನು ಅಂದಚೆಂದದ ಚಿಂತೆ ಯಾಕೆ?

ಸತ್ಯ: ಈ ಮಾತು ಬಹಳ ನೋಯಿಸುತ್ತದೆ. ಬೋಳುತಲೆ ಅಮಂಗಳವೆಂದು ಅರಿಸಿನ ಕುಂಕುಮಕ್ಕೆ ಕರೆಯದಿದ್ದಾಗ, ರವಿಕೆಯ ಒಂದು ಬದಿ ಜೋಲುವಾಗ, ಗಂಡನ ಮುಂದೆ ಸೀರೆ ಬದಲಿಸಲು ಅಳುಕುವಾಗ ಆಗುವ ಸಂಕಟ ಶೋಕಿಯಲ್ಲ. ಅದೂ ಕಾಯಿಲೆಯ ಭಾಗವೇ. ವೈದ್ಯರು, ಆಪ್ತಸಮಾಲೋಚಕರು ಅದನ್ನು ಕೇಳಿಸಿಕೊಳ್ಳಬೇಕು. ಕೀಮೋ ಔಷಧಿಯಿಂದ ಉದುರಿದ ಕೂದಲು ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಹುಟ್ಟುತ್ತದೆ, ಮೊದಮೊದಲು ಗುಂಗುರಾಗಿಯೂ ಇರಬಹುದು. ರವಿಕೆಯೊಳಗೆ ಇಟ್ಟುಕೊಳ್ಳಲು ಹತ್ತಿಯ, ಸಿಲಿಕೋನಿನ ಕೃತಕ ಸ್ತನಗಳಿವೆ. ಗಾಯ ಹಸಿಯಿರುವಾಗ ಹಗುರವಾದ ಹತ್ತಿಯದೇ ಹಿತ. ಬೇಕೆನಿಸಿದವರಿಗೆ ಶಸ್ತ್ರಚಿಕಿತ್ಸೆಯಿಂದ ಸ್ತನವನ್ನು ಮರುರೂಪಿಸುವುದೂ ಉಂಟು. ಏನನ್ನೂ ಇಟ್ಟುಕೊಳ್ಳದೆ ಇರುವುದೂ ಅವರವರ ಇಷ್ಟವೇ.

ನಂಬಿಕೆ: ಮೈ ಮುಟ್ಟಿದರೆ ಅಂಟುತ್ತದೆ, ಕರೆಂಟ್ ಕೊಟ್ಟ ಮೈ ಮಕ್ಕಳಿಗೆ ಆಗದು.

ಸತ್ಯ: ಕ್ಯಾನ್ಸರ್ ಅಂಟುರೋಗವಲ್ಲ. ಹೊರಗಿನ ಯಂತ್ರದಿಂದ ಕೊಡುವ ವಿಕಿರಣ ಮೈಯಲ್ಲಿ ಉಳಿಯುವುದೂ ಇಲ್ಲ. ಮಗುವನ್ನು ತಬ್ಬಿಕೊಳ್ಳಬಹುದು, ಗಂಡನ ಪಕ್ಕ ಮಲಗಬಹುದು.

ಆಪರೇಷನ್‌ ಕಾಗದಕ್ಕೆ ಸಹಿ ಮಾಡುವ ಮುಂಚೆ ‘ಸ್ತನ ಉಳಿಸಲು ಆಗುತ್ತದೆಯೇ ಡಾಕ್ಟರೇ?’ ಎಂದು ಕೇಳಿ. ಕೇಳಲು ನಿಮಗೆ ನಾಚಿಕೆಯಾದರೆ ಜೊತೆಗೆ ಹೋದ ಗಂಡನೋ ಮಗಳೋ ಅಕ್ಕತಂಗಿಯೋ ಕೇಳಲಿ.