ಮನೆ ಬಾಗಿಲಲ್ಲೇ ಸಾವಿರ ವರ್ಷದ ನಂಟು: ಶಹಾಡ್ ಪರಿಸರದ ಪುರಾತನ ತಾಣಗಳು

ಶಹಾಡ್: ಬೇಸಿಗೆ ರಜೆ ಬಂತೆಂದರೆ ಇಲ್ಲಿನ ತುಳು-ಕನ್ನಡಿಗರಿಗೆ ಊರಿನ ನೆನಪು. ಮಕ್ಕಳನ್ನು ಕಟ್ಟಿಕೊಂಡು ಹೋಗಿ ಹಂಪಿ, ಬೇಲೂರು, ಹಳೇಬೀಡು ತೋರಿಸಿ ಬರುವವರು ಅನೇಕರಿದ್ದಾರೆ. ಆದರೆ ಕನ್ನಡದ ನಂಟುಳ್ಳ ಸಾವಿರ ವರ್ಷ ಹಳೆಯ ತಾಣಗಳು ಕಲ್ಯಾಣ್ ಸುತ್ತಮುತ್ತಲೇ ಇವೆ. ಅವುಗಳಿಗೆ ಒಂದು ಲೋಕಲ್ ಟಿಕೆಟ್ ಸಾಕು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಶಹಾಡ್‌ನಿಂದ ಕಲ್ಯಾಣ್‌ಗೆ ಬಂದು ಬದ್ಲಾಪುರ ಅಥವಾ ಕರ್ಜತ್ ಗಾಡಿ ಹಿಡಿದರೆ ಮೂರನೆಯ ನಿಲ್ದಾಣವೇ ಅಂಬರನಾಥ್. ಅಲ್ಲಿನ ಪೂರ್ವ ಭಾಗದಲ್ಲಿ, ವಾಲಧುನಿ ನದಿಯ ದಂಡೆಯ ಮೇಲೆ ಕಪ್ಪು ಕಲ್ಲಿನ ಶಿವಾಲಯವಿದೆ. ಉತ್ತರ ಬಾಗಿಲಿನ ಒಳತೊಲೆಯ ಮೇಲಿರುವ ಶಾಸನ ಶಕ ವರ್ಷ 982ರದು, ಅಂದರೆ ಕ್ರಿ.ಶ. 1060. ಅದನ್ನು ಬರೆಸಿದವನು ಉತ್ತರ ಕೊಂಕಣದ ಶಿಲಾಹಾರ ಅರಸ ಮುಮ್ಮುಣಿ. ಶಾಸನದಲ್ಲಿ ಇವನ ಹೆಸರು ಮಾಂವಾಣಿ ಎಂದಿದೆ. ಗರ್ಭಗುಡಿ ನೆಲಮಟ್ಟಕ್ಕಿಂತ ಕೆಳಗಿದ್ದು, ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯಬೇಕು. ಮೇಲೆ ಶಿಖರವಿಲ್ಲ, ಆಕಾಶವೇ ಸೂರು. ಹೊರಗೋಡೆಯ ಶಿಲ್ಪಗಳನ್ನು ನೋಡುತ್ತಾ ಒಂದು ಸುತ್ತು ಬರಲು ಅರ್ಧ ಗಂಟೆಯೂ ಸಾಲದು.

ಈ ಶಿಲಾಹಾರರಿಗೂ ಕನ್ನಡಕ್ಕೂ ಏನು ಸಂಬಂಧ? ಇವರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಬೊರಿವಲಿಯ ಕಾನ್ಹೇರಿ ಗುಹೆಗಳ 9ನೇ ಶತಮಾನದ ಶಾಸನಗಳಲ್ಲಿ ಶಿಲಾಹಾರ ಕಪರ್ದಿಯ ಹೆಸರಿನ ಜೊತೆಗೆ ಚಕ್ರವರ್ತಿ ಅಮೋಘವರ್ಷನ ಹೆಸರೂ ಇದೆ. ಇವನೇ ನಮ್ಮ ನೃಪತುಂಗ. 'ಕವಿರಾಜಮಾರ್ಗ' ರಚನೆಗೊಂಡದ್ದು ಇವನ ಆಸ್ಥಾನದಲ್ಲಿಯೇ. ಶಿಲಾಹಾರರ ತಾಮ್ರಶಾಸನಗಳ ಭಾಷೆ ಸಂಸ್ಕೃತವಾದರೂ ನಡುವೆ 'ಮಲಗಲಗಂಡ', 'ನನ್ನಿಸಮುದ್ರ' ಎಂಬಂಥ ಬಿರುದುಗಳು ಬರುತ್ತವೆ. ನನ್ನಿ ಎಂದರೆ ಹಳಗನ್ನಡದಲ್ಲಿ ಸತ್ಯ. ಅವರ ಮನೆಮಗಳೊಬ್ಬಳ ಹೆಸರು ಲಸ್ತಿಯವ್ವ. 'ಅವ್ವ' ಎಂಬ ಮಾತಿಗೆ ಬೇರೆ ವಿವರಣೆ ಬೇಕೇ?

ಶಹಾಡ್‌ಗೆ ದೂರವಲ್ಲದ ಭಿವಂಡಿ ತಾಲೂಕಿನ ಭದಾನೆಗೆ ಸಂಬಂಧಿಸಿದ ತಾಮ್ರಶಾಸನ ಕ್ರಿ.ಶ. 997ರದು. ಅಷ್ಟರಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯ ಬಿದ್ದು 20 ವರ್ಷ ಮೀರಿತ್ತು. ಆದರೂ ಶಿಲಾಹಾರ ಅಪರಾಜಿತ ತನ್ನ ಶಾಸನದಲ್ಲಿ ಹಳೆಯ ಒಡೆಯರ ವಂಶಾವಳಿಯನ್ನು ಬರೆಸಿ, ಅವರ ಅಳಿವಿಗೆ ಮರುಗಿದ್ದಾನೆ. ಉಂಡ ಮನೆಯನ್ನು ಮರೆಯದ ಗುಣವಿದು.

ಕಲ್ಯಾಣ್ ಎಂದೊಡನೆ ಬಸವಣ್ಣನವರ ಕಲ್ಯಾಣ ನೆನಪಾಗುವುದು ಸಹಜ. ಅದು ಬೀದರ್ ಜಿಲ್ಲೆಯದು, ಬೇರೆ. ಈ ಕಲ್ಯಾಣ್ ಕ್ರಿ.ಶ. 1ನೇ ಶತಮಾನದ ಗ್ರೀಕ್ ನಾವಿಕ ಗ್ರಂಥದಲ್ಲಿ ಉಲ್ಲೇಖಗೊಂಡ ಬಂದರು. 1657ರಲ್ಲಿ ಇದು ಶಿವಾಜಿ ಮಹಾರಾಜರ ವಶಕ್ಕೆ ಬಂತು. ಖಾಡಿಯ ದಂಡೆಯ ದುರ್ಗಾಡಿ ಕೋಟೆ ಆ ಕಾಲದ ನೆನಪು. ಶಹಾಡ್‌ನ ಬಿರ್ಲಾ ಮಂದಿರ ಈಚಿನದಾದರೂ ಅಲ್ಲಿ ನಿಂತಿರುವವನು ವಿಠಲ. ಸಂತ ಜ್ಞಾನೇಶ್ವರರ ಹೆಸರಿನ ಅಭಂಗವೊಂದರಲ್ಲಿ ಈ ದೇವರನ್ನು ಕನ್ನಡಿಗನೆಂದೇ ಕರೆಯಲಾಗಿದೆ.

ದೂರದ ದೇಶದವರು ಇಂಥವನ್ನು ಹೇಗೆ ಕಾಪಾಡುತ್ತಾರೆ ಎಂಬುದಕ್ಕೆ ಬ್ರಿಟನ್‌ನ ವೇಲ್ಸ್ ಪ್ರಾಂತದ ಪೋವಿಸ್ ಕೋಟೆಮನೆ ಉದಾಹರಣೆ. ಮೆಟ್ಟಿಲು ಮೆಟ್ಟಿಲಾದ ಉದ್ಯಾನಕ್ಕೆ ಹೆಸರಾದ ಈ ಅರಮನೆ 1952ರಿಂದ ನ್ಯಾಷನಲ್ ಟ್ರಸ್ಟ್ ವಶದಲ್ಲಿದೆ. ಅಲ್ಲಿನ ಸಂಗ್ರಹದಲ್ಲಿ ನಮ್ಮ ಟಿಪ್ಪು ಸುಲ್ತಾನನ ಡೇರೆಯಿದೆ, ಅವನ ಸಿಂಹಾಸನದ ರತ್ನಖಚಿತ ಹುಲಿತಲೆಯಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಮನೆತನಕ್ಕೆ ಇವು ಸೇರಿದವು. ಹೂಬಳ್ಳಿಯ ಚಿತ್ತಾರದ ಆ ಹತ್ತಿಬಟ್ಟೆಯ ಡೇರೆಯನ್ನು ಅಲ್ಲಿ ತೋಟದ ಔತಣಗಳಿಗೂ ಬಳಸಿದ್ದುಂಟು! ಇವು ಯುದ್ಧದಲ್ಲಿ ದೋಚಿದ ವಸ್ತುಗಳೆಂಬುದನ್ನು ಮರೆಯುವಂತಿಲ್ಲ. ಆದರೂ ಇನ್ನೂರು ವರ್ಷ ದಾಟಿದ ಬಟ್ಟೆ ಇಂದಿಗೂ ಉಳಿದಿದೆ ಎಂಬುದೂ ಸತ್ಯ.

ಇತ್ತ ನಮ್ಮ ಅಂಬರನಾಥದಲ್ಲಿ? ದೇವಾಲಯವೇನೋ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪಕ್ಕದ ವಾಲಧುನಿ ಮಾತ್ರ ಕಾರ್ಖಾನೆ ಮತ್ತು ಚರಂಡಿಯ ನೀರಿನಿಂದ ಕಲುಷಿತಗೊಂಡಿದೆ. ಶಿಲ್ಪಗಳ ಅಂಗಾಂಗ ಮುಕ್ಕಾಗಿವೆ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ, ಅದರ ಮೇಲೆ ಹೆಸರು ಗೀಚಿದರೂ ಸಹ, ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2010ರ ಕಾಯ್ದೆ ತಿದ್ದುಪಡಿಯಲ್ಲಿ ಅವಕಾಶವಿದೆ. ಆದರೆ ಕಾಯ್ದೆಯೊಂದೇ ಕಲ್ಲನ್ನು ಕಾಯಲಾರದು. ಅದರ ಬೆಲೆ ಅರಿತ ಕಣ್ಣುಗಳೂ ಬೇಕು.

ಶಿವರಾತ್ರಿ ಮತ್ತು ಶ್ರಾವಣ ಸೋಮವಾರಗಳಂದು ಇಲ್ಲಿ ಜನಜಂಗುಳಿ. ಶಿಲ್ಪ ನೋಡಬೇಕೆನ್ನುವವರು ಬೇರೆ ದಿನದ ಬೆಳಗ್ಗೆ ಹೋಗುವುದು ಲೇಸು. ಕಲ್ಯಾಣ್, ಡೊಂಬಿವಲಿ, ಉಲ್ಲಾಸನಗರ ಪರಿಸರದ ಕನ್ನಡ ಸಂಘಗಳು, ಜಾತೀಯ ಸಂಘಟನೆಗಳ ಯುವ ವಿಭಾಗಗಳು ವಾರ್ಷಿಕ ವಿಹಾರಕೂಟಕ್ಕೆ ರಿಸಾರ್ಟ್ ಹುಡುಕುವ ಬದಲು ಒಂದು ವರ್ಷವಾದರೂ ಮಕ್ಕಳನ್ನು ಅಂಬರನಾಥಕ್ಕೆ, ಕಾನ್ಹೇರಿಗೆ ಕರೆದೊಯ್ಯಲಿ. ತಾವು ಪರಊರಿನಲ್ಲಿ ಹುಟ್ಟಿ ಬೆಳೆದವರೆಂದು ತಿಳಿದಿರುವ ಮಕ್ಕಳಿಗೆ, ಈ ಮಣ್ಣಿನಲ್ಲಿ ತಮ್ಮ ನುಡಿಯ ಹೆಜ್ಜೆಗುರುತು ಸಾವಿರ ವರ್ಷದ್ದು ಎಂದು ಗೊತ್ತಾಗಲಿ. ಮರಾಠಿ ನೆರೆಹೊರೆಯವರನ್ನೂ ಜೊತೆಗೆ ಕರೆದರೆ ಇನ್ನೂ ಚೆನ್ನ. ಆ ಗುಡಿ ಇಬ್ಬರದ್ದೂ ಅಲ್ಲವೇ?