ಹಟಮಾರಿ ನಾಯಿಯೂ ಕೊರಳಪಟ್ಟಿಯೂ

ಬೆಳಗಿನ ಹೊತ್ತು ಊರಿನ ಬೀದಿಗಳಲ್ಲಿ ನಾವು ದಿನವೂ ಕಾಣುವ ನೋಟವೊಂದುಂಟು. ಮುಂದೆ ನಾಯಿ, ಹಿಂದೆ ಯಜಮಾನ, ನಡುವೆ ಬಿಗಿದು ನಿಂತ ಹಗ್ಗ. ಯಾರು ಯಾರನ್ನು ತಿರುಗಾಡಿಸಲು ಕರೆತಂದಿದ್ದಾರೆಂದು ಹೇಳುವುದೇ ಕಷ್ಟ. ನಾಯಿಯು ಗೊರಗೊರನೆ ಸದ್ದು ಮಾಡುತ್ತ, ನಡುನಡುವೆ ಕೆಮ್ಮುತ್ತ ಮುನ್ನುಗ್ಗುತ್ತಿರುತ್ತದೆ. "ಬಹಳ ಹಟಮಾರಿ" ಎಂದು ಯಜಮಾನರು ನಗುತ್ತಾರೆ. ಆದರೆ ಆ ಕೆಮ್ಮು ನಗತಕ್ಕ ವಿಷಯವಲ್ಲ.

ನಾಯಿಯ ಕತ್ತಿನ ಕೆಳಭಾಗದಲ್ಲಿ, ಕೊರಳಪಟ್ಟಿ ಕೂರುವ ಜಾಗದಲ್ಲಿಯೇ, ಶ್ವಾಸನಾಳವು ಹಾದುಹೋಗುತ್ತದೆ. ಕುದುರೆಲಾಳದ ಆಕಾರದ ಮೃದ್ವಸ್ಥಿಯ ಬಳೆಗಳು ಅದನ್ನು ಸದಾ ತೆರೆದಿಟ್ಟಿರುತ್ತವೆ. ಪೊಮೆರೇನಿಯನ್ನಿನಂತಹ ಸಣ್ಣ ಜಾತಿಗಳಲ್ಲಿ ಈ ಬಳೆಗಳು ವಯಸ್ಸಾದಂತೆ ಮೆತ್ತಗಾಗಿ, ನಾಳವೇ ಚಪ್ಪಟೆಯಾಗುವ ರೋಗವುಂಟು. ಅಂತಹ ನಾಯಿಯ ಕೊರಳನ್ನು ಎಳೆಯುವುದೆಂದರೆ ಅದರ ಉಸಿರನ್ನೇ ಹಿಡಿದೆಳೆದಂತೆ. ಶ್ವಾಸನಾಳದ ಇಕ್ಕೆಲಗಳಲ್ಲಿ ತಲೆಯಿಂದ ಹೃದಯಕ್ಕೆ ರಕ್ತವನ್ನು ಹಿಂದಿರುಗಿಸುವ ಸಿರೆಗಳಿವೆ. ಇವು ಅದುಮಿದಾಗ ತಲೆಯಲ್ಲಿ ರಕ್ತ ನಿಲ್ಲುತ್ತದೆ. ನಾಯಿಯು ಕೊರಳಪಟ್ಟಿಗೆ ವಿರುದ್ಧವಾಗಿ ಎಳೆಯುವಾಗ ಅದರ ಕಣ್ಣುಗುಡ್ಡೆಯೊಳಗಿನ ಒತ್ತಡ ಏರುವುದೆಂದೂ, ಎದೆಗೆ ಕಟ್ಟಿದ ಪಟ್ಟಿಯನ್ನು ಎಳೆಯುವಾಗ ಹಾಗೆ ಏರುವುದಿಲ್ಲವೆಂದೂ 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ತೋರಿಸಿತು.

ಕೊರಳಪಟ್ಟಿಯನ್ನೇ ಕಟ್ಟುವುದಾದರೆ ಅದರ ಅಗಲವನ್ನು ಮೊದಲು ನೋಡಬೇಕು. ಬಲವನ್ನು ಅದು ಬೀಳುವ ಕ್ಷೇತ್ರದಿಂದ ಭಾಗಿಸಿದರೆ ಒತ್ತಡ ದೊರೆಯುವುದೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಕತ್ತಿನ ಅಡ್ಡಳತೆ 10 ಸೆಂಟಿಮೀಟರ್ ಎಂದೂ, ನಾಯಿಯು 10 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯುತ್ತಿದೆಯೆಂದೂ ಇಟ್ಟುಕೊಳ್ಳೋಣ. ಪಟ್ಟಿಯ ಅಗಲ ಒಂದೇ ಸೆಂಟಿಮೀಟರ್ ಆದರೆ, ಕತ್ತಿನ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ಭಾರ ಬೀಳುತ್ತದೆ. ಇದು ವಾಯುಮಂಡಲವು ನಮ್ಮ ಮೇಲೆ ಹೇರುವ ಒತ್ತಡಕ್ಕೆ ಹೆಚ್ಚುಕಡಮೆ ಸಮ. ಅಗಲವನ್ನು ಮೂರು ಸೆಂಟಿಮೀಟರಿಗೆ ಏರಿಸಿದರೆ ಒತ್ತಡ ಮೂರರಲ್ಲಿ ಒಂದು ಪಾಲಾಗುತ್ತದೆ. ಎಳೆದಷ್ಟೂ ಬಿಗಿಯುವ ಉರುಳುಸರಪಳಿಗೆ ಅಗಲವೂ ಇಲ್ಲ, ಬಿಗಿತಕ್ಕೆ ಮಿತಿಯೂ ಇಲ್ಲ. ಅದನ್ನು ಕೊಳ್ಳದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಪಟ್ಟಿಗೂ ಕತ್ತಿಗೂ ನಡುವೆ ಎರಡು ಬೆರಳು ತೂರುವಷ್ಟು ಸಡಿಲವಿರಬೇಕೆಂಬುದು ವಾಡಿಕೆಯ ಅಳತೆ. ನಮ್ಮ ಬಾಗಲಕೋಟೆಯ ಕಡೆಯ ಮುಧೋಳ ನಾಯಿಗೆ ಈ ಅಳತೆಯೊಂದೇ ಸಾಲದು. ಅದರ ತಲೆ ನೀಳ, ಕಿರಿದು. ಹಿಂದೆ ಸರಿದು ಒಮ್ಮೆ ಕೊಡವಿತೆಂದರೆ ಪಟ್ಟಿ ಯಜಮಾನನ ಕೈಯಲ್ಲಿ, ನಾಯಿ ರಸ್ತೆಯಲ್ಲಿ! ಇಂತಹ ನಾಯಿಗಳಿಗಾಗಿ ಮಾರ್ಟಿಂಗೇಲ್ ಎಂಬ ಜೋಡುಕುಣಿಕೆಯ ಪಟ್ಟಿಯುಂಟು. ಎಳೆದಾಗ ಅದು ಕತ್ತಿನ ಅಳತೆಯವರೆಗೆ ಮಾತ್ರ ಬಿಗಿದು ಅಲ್ಲಿಗೆ ನಿಲ್ಲುತ್ತದೆ.

ಎಳೆತವನ್ನೇ ತಗ್ಗಿಸುವ ಬಗೆ ಹೇಗೆ? ಉತ್ತರವನ್ನು ನಮ್ಮ ರೈತರ ಗಾಡಿಯಲ್ಲಿ ನೋಡಬಹುದು. ಎತ್ತು ಭಾರ ಎಳೆಯಲೆಂದು ನೊಗವನ್ನು ಹೆಗಲಿಗೆ ಹೂಡುತ್ತಾರೆ. ಹೇಳಿದ ಕಡೆಗೆ ತಿರುಗಲೆಂದು ಮೂಗುದಾರವನ್ನು ಮೂಗಿಗೆ ಹಾಕುತ್ತಾರೆ. ಹೆಗಲಿನಲ್ಲಿ ಇಡೀ ದೇಹದ ಬಲವಿದೆ. ಮೂಗಿನಲ್ಲಿ ಹತ್ತು ವರ್ಷದ ಹುಡುಗನ ಕೈಗೂ ಬಗ್ಗುವ ಸನ್ನೆಕೋಲಿದೆ. ಹಗ್ಗವನ್ನು ಬೆನ್ನಿನ ಮೇಲೆ ಸಿಕ್ಕಿಸುವ ಎದೆಪಟ್ಟಿ, ಎಂದರೆ ಹಾರ್ನೆಸ್, ನಾಯಿಗೆ ನೊಗವಿದ್ದಂತೆ. ಹಿಮಪ್ರದೇಶಗಳಲ್ಲಿ ಜಾರುಬಂಡಿ ಎಳೆಯುವ ನಾಯಿಗಳಿಗೂ ಇದೇ ಬಗೆಯ ಪಟ್ಟಿಯನ್ನು ತೊಡಿಸುತ್ತಾರೆ. ಸಣ್ಣ ಪೊಮೆರೇನಿಯನ್ನಿಗೂ ಮೋಟು ಮೂತಿಯ ಪಗ್ ನಾಯಿಗೂ ಇದು ಉತ್ತಮ. ಅವುಗಳ ಬಲ ಅಲ್ಪ, ಉಸಿರಾಟ ಸೂಕ್ಷ್ಮ. ಮೂವತ್ತು ಕಿಲೋಗ್ರಾಂ ತೂಗುವ ಹಟಮಾರಿಗೆ ಇದನ್ನು ತೊಡಿಸಿದರೆ ನಾವೇ ಜಾರುಬಂಡಿಯಾಗುತ್ತೇವೆ! ಅದಕ್ಕೆ ಎದೆಯ ಮುಂಭಾಗದಲ್ಲಿ ಬಳೆಯಿರುವ ಹಾರ್ನೆಸ್ ತಕ್ಕದ್ದು. ನಾಯಿ ಮುಂದಕ್ಕೆ ನುಗ್ಗಿದೊಡನೆ ಹಗ್ಗವು ಅದರ ಎದೆಯನ್ನು ಪಕ್ಕಕ್ಕೆ ತಿರುಗಿಸುತ್ತದೆ. ನುಗ್ಗಿದ ಬಲವೇ ಅದನ್ನು ನಮ್ಮ ಕಡೆಗೆ ಮುಖಮಾಡಿಸುತ್ತದೆ.

ಮೂಗುದಾರಕ್ಕೆ ಇನ್ನೂ ಸಮೀಪವಾದುದು ಹೆಡ್ ಹಾಲ್ಟರ್ ಎಂಬ ಮೂತಿಪಟ್ಟಿ. ಮೂಗನ್ನು ಚುಚ್ಚುವ ಗೊಡವೆಯಿಲ್ಲ. ಮೂತಿಯ ಸುತ್ತ ಒಂದು ಕುಣಿಕೆ, ಕಿವಿಗಳ ಹಿಂದೆ ಇನ್ನೊಂದು. ಬಹಳ ಬಲಿಷ್ಠವಾದ ನಾಯಿಯನ್ನೂ ಇದು ಹಿಡಿತದಲ್ಲಿಡುತ್ತದೆ. ಆದರೆ ಮೊದಲು ತೊಡಿಸಿದಾಗ ನಾಯಿ ಮುಂಗಾಲಿನಿಂದ ಕಿತ್ತೊಗೆಯಲು ಹೆಣಗುವುದುಂಟು. ರಷ್ಯದ ವಿಜ್ಞಾನಿ ಪಾವ್ಲೋವರಿಗೂ ಇಂತಹ ನಾಯಿಯೊಂದು ಎದುರಾಗಿತ್ತು. ಪ್ರಯೋಗದ ಕಟ್ಟಿನಲ್ಲಿ ಬಂಧಿಸಿದೊಡನೆ ಅದು ಒದ್ದಾಡುತ್ತಿತ್ತು. ಅವರು ಇದನ್ನು ಸ್ವಾತಂತ್ರ್ಯದ ಪ್ರತಿವರ್ತನವೆಂದು ಕರೆದರು. ಆಹಾರವನ್ನು ಆ ಕಟ್ಟಿನಲ್ಲಿಯೇ ನೀಡುತ್ತ ಬಂದಾಗ ನಾಯಿ ಕ್ರಮೇಣ ಶಾಂತವಾಯಿತು. ಮೂತಿಪಟ್ಟಿಯನ್ನೂ ಹೀಗೆಯೇ, ಕೆಲವು ದಿನ ಮನೆಯೊಳಗೆ ತಿಂಡಿಯ ಜೊತೆಯಲ್ಲಿ ಪರಿಚಯಿಸಬೇಕು.

ಇನ್ನು ಹಗ್ಗ. ಆರೇಳು ಮೀಟರು ಬಿಚ್ಚಿಕೊಳ್ಳುವ ಸುರುಳಿಹಗ್ಗವು ಎಳೆಯುವ ನಾಯಿಗೆ ತಕ್ಕುದಲ್ಲ. 20 ಕಿಲೋಗ್ರಾಂ ತೂಕದ ನಾಯಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುವಾಗ ಅದರ ಚಲನಶಕ್ತಿ 250 ಜೂಲ್. ಹಗ್ಗ ಮುಗಿದು ನಾಯಿಯು 10 ಸೆಂಟಿಮೀಟರಿನೊಳಗೆ ನಿಲ್ಲಬೇಕಾದರೆ, ಸರಾಸರಿ 250 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕು. ಒಂದು ಮೀಟರಿನಲ್ಲಿ ನಿಂತರೆ 25 ಸಾಕು. ನಮ್ಮ ತೋಳೂ ದೇಹವೂ ಬಾಗಿ ಸ್ವಲ್ಪ ರಕ್ಷಿಸುತ್ತವೆ, ನಿಜ. ಆದರೂ ಈ ಜಗ್ಗು ಮೂತಿಪಟ್ಟಿಗೆ ತಗುಲಿದರೆ ಕತ್ತೇ ತಿರುಚೀತು. ಒಂದೂವರೆ ಮೀಟರಿನ ಹಗ್ಗದಲ್ಲಿ ನಾಯಿಗೆ ಅಂತಹ ವೇಗ ಕೂಡಿಸಿಕೊಳ್ಳಲು ಅವಕಾಶವೇ ಇರದು. ಕಬ್ಬಿಣದ ಸರಪಳಿ ಹಿಗ್ಗುವುದಿಲ್ಲ, ತೆಳು ನೈಲಾನ್ ಅಂಗೈಯನ್ನು ಕೊಯ್ಯುತ್ತದೆ. ಅಗಲವಾದ ನೂಲಿನ ಪಟ್ಟಿಯೋ ಚರ್ಮದ್ದೋ ಹಿತ.

ಇಷ್ಟೆಲ್ಲ ಆಯ್ದರೂ ಒಂದು ಲೆಕ್ಕ ಉಳಿಯುತ್ತದೆ. ನಾಯಿ ಎಳೆದಾಗಲೆಲ್ಲ ನಾವು ಹಿಂದೆ ನಡೆಯುತ್ತೇವೆ. ಎಳೆದರೆ ಮುಂದೆ ಹೋಗಬಹುದೆಂದು ಅದು ಪ್ರತಿ ಹೆಜ್ಜೆಗೂ ಕಲಿಯುತ್ತದೆ. ನಾವು ಹಟವೆಂದು ಕರೆಯುವುದು ಬಹುಪಾಲು ಈ ಪಾಠವೇ. ಆದುದರಿಂದ ಹಗ್ಗ ಬಿಗಿದೊಡನೆ ಕಂಬದಂತೆ ನಿಲ್ಲಬೇಕು, ಸಡಿಲವಾದೊಡನೆ ನಡೆಯಬೇಕು. ಮನೆಯವರೆಲ್ಲರೂ ಹೀಗೆಯೇ ಮಾಡಬೇಕು. ಮೊದಲ ದಿನ ಅರ್ಧ ಗಂಟೆಯಲ್ಲಿ ನಾಲ್ಕು ಮನೆ ದಾಟಲಾಗದಿದ್ದರೂ ಆಶ್ಚರ್ಯವಿಲ್ಲ.