ನಡಿಗೆಯೂ ನೃತ್ಯವೇ?

ನಿತ್ಯದ ಉಡುಪಿನಲ್ಲಿರುವ ಹಲವರು ರಂಗದ ಒಂದು ಬದಿಯಿಂದ ನಡೆದು ಬರುತ್ತಾರೆ. ಕೆಲವರು ನಡುವೆ ನಿಲ್ಲುತ್ತಾರೆ. ಕೆಲವರು ಕುರ್ಚಿಯ ಮೇಲೆ ತುಸು ಕುಳಿತು, ಎದ್ದು, ಇನ್ನೊಂದು ಬದಿಗೆ ಸಾಗುತ್ತಾರೆ. ಸಂಗೀತವಿಲ್ಲ, ತಾಳವಿಲ್ಲ, ಕಥೆಯೂ ಇಲ್ಲ. ಅಮೆರಿಕದ ಸ್ಟೀವ್ ಪ್ಯಾಕ್ಸ್‌ಟನ್ ಅವರು 1967ರಲ್ಲಿ ಸಂಯೋಜಿಸಿದ ಕೃತಿಯಿದು. ಇದನ್ನು ನೃತ್ಯವೆನ್ನಬಹುದೇ ಎಂಬ ಸಂದೇಹ ಯಾರಿಗಾದರೂ ಮೂಡುವುದು ಸಹಜ.

ಪಶ್ಚಿಮದಲ್ಲಿ ಬಹುಕಾಲ ನೃತ್ಯವೆಂದರೆ ಬ್ಯಾಲೆ ಎಂದೇ ಅರ್ಥ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಸಡೋರಾ ಡಂಕನ್ ಅದರ ಕಟ್ಟುಗಳನ್ನು ತೊರೆದು ಬರಿಗಾಲಿನಲ್ಲಿ ನರ್ತಿಸಿದರು. ಮುಂದೆ ಮಾರ್ಥಾ ಗ್ರಹಾಂ ಅಂತರಂಗದ ತುಮುಲಗಳಿಗೆ ಆಂಗಿಕ ರೂಪವಿತ್ತರು. ಮರ್ಸ್ ಕನ್ನಿಂಗ್‌ಹ್ಯಾಮ್ ನೃತ್ಯವನ್ನು ಕಥೆಯ ಮತ್ತು ಸಂಗೀತದ ಹಿಡಿತದಿಂದ ಬಿಡಿಸಿದರು. ಆದರೂ ಒಂದು ಬೇಲಿ ಉಳಿದೇ ಇತ್ತು: ವರ್ಷಗಟ್ಟಲೆ ಪಳಗಿದ ದೇಹವುಳ್ಳವರು ಮಾತ್ರವೇ ನರ್ತಕರು.

ಈ ಬೇಲಿ ಅಲುಗಿದುದು ಒಂದು ಪಾಠಶಾಲೆಯಲ್ಲಿ. 1960ರಲ್ಲಿ, ನ್ಯೂಯಾರ್ಕಿನಲ್ಲಿದ್ದ ಕನ್ನಿಂಗ್‌ಹ್ಯಾಮರ ನೃತ್ಯಶಾಲೆಯಲ್ಲಿ ರಾಬರ್ಟ್ ಡನ್ ಎಂಬ ಸಂಗೀತಜ್ಞರು ಸಂಯೋಜನೆಯ ತರಗತಿಯನ್ನು ಆರಂಭಿಸಿದರು. ಕೃತಿಯು ಒಳ್ಳೆಯದೋ ಕೆಟ್ಟದೋ ಎಂದು ತೀರ್ಪು ಕೊಡುವ ಬದಲು, ಅದನ್ನು ಹೇಗೆ ಕಟ್ಟಲಾಯಿತೆಂದು ಅವರು ವಿಚಾರಿಸುತ್ತಿದ್ದರು. ಶಿಷ್ಯರು ಪ್ರದರ್ಶನಕ್ಕೆ ಸ್ಥಳವನ್ನು ಅರಸಿದಾಗ ನಗರದ ಜಡ್ಸನ್ ಸ್ಮಾರಕ ಚರ್ಚು ತನ್ನ ಬಾಗಿಲನ್ನು ತೆರೆಯಿತು. 1962ರ ಜುಲೈ 6ರ ಸಂಜೆ ಅಲ್ಲಿ 14 ಮಂದಿ ಸಂಯೋಜಕರ 23 ಕೃತಿಗಳು ಪ್ರದರ್ಶನಗೊಂಡವು. ಆಧುನಿಕೋತ್ತರ ನೃತ್ಯದ ಇತಿಹಾಸವನ್ನು ಸಾಮಾನ್ಯವಾಗಿ ಆ ಸಂಜೆಯಿಂದಲೇ ಎಣಿಸುತ್ತಾರೆ.

ಅನಂತರದ ಪ್ರಯೋಗಗಳು ದಿಟ್ಟವಾಗಿದ್ದವು. ಇವಾನ್ ರೈನರ್ ಅವರ 1966ರ ಒಂದು ಕೃತಿಯಲ್ಲಿ ನರ್ತಕರು ಒಮ್ಮೆಯೂ ಪ್ರೇಕ್ಷಕರತ್ತ ದೃಷ್ಟಿ ಹಾಯಿಸುವುದಿಲ್ಲ. ಮೆಚ್ಚಿಸುವ ಹಂಬಲವನ್ನೇ ಅವರು ಬಿಟ್ಟುಕೊಟ್ಟಿದ್ದರು. 1970ರಲ್ಲಿ ಟ್ರಿಷಾ ಬ್ರೌನ್ ಅವರು, ಹಗ್ಗ ಬಿಗಿದ ಒಬ್ಬ ವ್ಯಕ್ತಿ ಎತ್ತರದ ಕಟ್ಟಡದ ಗೋಡೆಯ ಮೇಲೆ ನೆಲದತ್ತ ನಡೆದು ಇಳಿಯುವಂತೆ ಮಾಡಿದರು. ಇವುಗಳಲ್ಲಿ ಕೆಲವು ಪ್ರೇಕ್ಷಕರಿಗೆ ಬೇಸರ ತಂದಿದ್ದರೆ ಅಚ್ಚರಿಯಿಲ್ಲ. ರಸವನ್ನು ಬಯಸಿ ಬಂದವರಿಗೆ ಬರಿಯ ನಡಿಗೆ ತೃಪ್ತಿ ನೀಡೀತೆ?

ಆದರೆ ಬೇಲಿ ಮುರಿದುದರ ಫಲ ದೊಡ್ಡದು. 1972ರಲ್ಲಿ ಪ್ಯಾಕ್ಸ್‌ಟನ್ ಅವರು, ಇಬ್ಬರು ಪರಸ್ಪರರ ದೇಹಕ್ಕೆ ಭಾರವನ್ನೊಪ್ಪಿಸಿ, ಸ್ಪರ್ಶದ ಸೂಚನೆಯಂತೆ ಚಲಿಸುವ ಪದ್ಧತಿಯೊಂದನ್ನು ರೂಪಿಸಿದರು. ಇದರಲ್ಲಿ ಮೊದಲೇ ಗೊತ್ತುಪಡಿಸಿದ ಹೆಜ್ಜೆಗಳಿಲ್ಲ. ಆದುದರಿಂದಲೇ ಗಾಲಿಕುರ್ಚಿಯಲ್ಲಿ ಕುಳಿತವರೂ, ದೃಷ್ಟಿಯಿಲ್ಲದವರೂ ಇದರಲ್ಲಿ ಸಮಾನವಾಗಿ ಪಾಲ್ಗೊಳ್ಳುವುದು ಸಾಧ್ಯವಾಯಿತು.

2000ದಲ್ಲಿ ಬ್ಯಾಲೆಯ ಸುಪ್ರಸಿದ್ಧ ನರ್ತಕ ಮಿಖಾಯಿಲ್ ಬರಿಷ್ನಿಕೋವ್ ಅವರ ತಂಡವು ಜಡ್ಸನ್ ಕಾಲದ ಕೃತಿಗಳನ್ನು ಮತ್ತೆ ರಂಗಕ್ಕೆ ತಂದಿತು. ಪ್ಯಾಕ್ಸ್‌ಟನ್ ಅವರ ನಡಿಗೆಯ ಕೃತಿಗೆ ನರ್ತಕರು ಬೇಕಾಗಲಿಲ್ಲ. ಆಯಾ ಊರಿನ ಸಾಮಾನ್ಯ ಜನರೇ ಬಂದು ರಂಗದ ಮೇಲೆ ನಡೆದರು.